ಟ್ರಂಕಲ್ಲಿ ಹಾಳಾಗ್ತಿರೋ ಸೈನಿಕರ ಕಾಗದಗಳ ಬಗ್ಗೆ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು, ಕರ್ನಾಟಕ ಸರ್ಕಾರ.
ಹಾಗೇ ರಾಜ್ಯ ಪತ್ರಾಗಾರ ಇಲಾಖೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳು, ಮತ್ತೆ ಅಟ್ಟದ ಮೇಲೆ ಒಂದು ಹಳೇ ಕಬ್ಬಿಣದ ಟ್ರಂಕ್ ಇಟ್ಕೊಂಡಿರೋ ಎಲ್ಲಾ ಮಾಜಿ ಸೈನಿಕರ ಮನೆಯವರು.

ಮಾನ್ಯರೇ,

ಗೌರವಪೂರ್ವಕ ನಮಸ್ಕಾರಗಳು. ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ರಾಜ್ಯದಿಂದ ಸೈನ್ಯಕ್ಕೆ ಹೋದವರು 1962ರಲ್ಲಿ, 1965ರಲ್ಲಿ, 1971ರಲ್ಲಿ, ಆಮೇಲೆ ಶ್ರೀಲಂಕಾದ ಶಾಂತಿಪಡೆಯಲ್ಲಿ, ಸಿಯಾಚಿನ್‌ನಲ್ಲಿ, ಕಾರ್ಗಿಲ್‌ನಲ್ಲಿ ಇದ್ದಾಗ ಮನೆಗೆ ಬರೆದ ಕಾಗದಗಳು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇವೆ. ಹಾಸನ, ಕೊಡಗು, ಬೆಳಗಾವಿ, ಧಾರವಾಡ ಯಾವ ಕಡೆ ಹೋದ್ರೂ ಸೈನ್ಯದಲ್ಲಿ ಇದ್ದು ಬಂದವರ ಮನೆ ಸಿಗುತ್ತೆ, ಆ ಮನೇಲಿ ಒಂದು ಕಟ್ಟು ಕಾಗದ ಇರುತ್ತೆ ಅಥವಾ ಇತ್ತು. ನಾನು ಬರೀತಿರೋದು ಆ "ಇತ್ತು" ಅನ್ನೋದರ ಬಗ್ಗೆ. ಅವು ದಿನಾ ಹೋಗ್ತಿವೆ, ಗೆದ್ದಲು ತಿಂತಿದೆ, ಮನೆ ಕೆಡವಿ ಕಟ್ಟೋವಾಗ ಗುಜರಿಗೆ ಹೋಗ್ತಿವೆ, ಇವನ್ನ ಉಳಿಸ್ಕೊಳ್ಳೋಣ ಅಂತ ನಮ್ಮ ತಾಲ್ಲೂಕಿಗೆ ಯಾರಾದ್ರೂ ಬಂದಿದ್ದನ್ನ ನಾನಂತೂ ನೋಡಿಲ್ಲ.

ನಮ್ಮಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಇದೆಯಲ್ಲ, ಅಲ್ಲೇ ಟ್ರೈನಿಂಗ್ ಆಗಿ ಹೋದವರು. ಸ್ಯಾಪರ್ ಅಂದ್ರೆ ಏನು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮಿಲಿಟರಿ ಅಂದ್ರೆ ಗನ್ ಹಿಡ್ಕೊಂಡು ಹೊಡೆಯೋದು ಅಷ್ಟೇ ಅಂದ್ಕೊಂಡಿದ್ರು. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹುದುಗಿಸಿಟ್ಟ ಮೈನ್‌ಗಳನ್ನ ತೆಗೆದು ಹಿಂದೆ ಬರೋ ಟ್ಯಾಂಕಿಗೆ ದಾರಿ ಮಾಡಿಕೊಡೋದು ಅವರ ಕೆಲಸ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ ಬಸಂತರ್ ನದಿ ಹತ್ರ ನಡೆದ ಯುದ್ಧದ ಬಗ್ಗೆ ಓದಿದವರಿಗೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಹೆಸರು ಗೊತ್ತಿರುತ್ತೆ, ಮರಣೋತ್ತರ ಪರಮವೀರ ಚಕ್ರ ಬಂದಿದ್ದು. ಅವರಿದ್ದ ಪೂನಾ ಹಾರ್ಸ್ ಅನ್ನೋ ರೆಜಿಮೆಂಟಿನ ಟ್ಯಾಂಕುಗಳು ನದಿ ದಾಟಿ ಮುಂದೆ ಹೋಗೋಕೆ ಮೈನ್‌ಫೀಲ್ಡ್‌ನಲ್ಲಿ ರಾತ್ರಿ ಹೊತ್ತು ದಾರಿ ಬಿಡಿಸಿದವರು ಮದ್ರಾಸ್ ಸ್ಯಾಪರ್ಸ್. ನಮ್ಮಪ್ಪ ಆಗ ಆ ಸೆಕ್ಟರ್‌ನಲ್ಲೇ ಇದ್ರು.

ಆ ತಿಂಗಳು ಅವರು ಬರೆದ ಒಂದು ಇನ್‌ಲ್ಯಾಂಡ್ ಲೆಟರ್ ನಮ್ಮ ಹತ್ರ ಇದೆ. ನೀಲಿ ಬಣ್ಣ ಪೂರ್ತಿ ಮಾಸಿದೆ, ಮಡಿಕೆ ಮೂರು ಕಡೆ ಹರಿದಿದೆ. ಶುರುವಾಗೋದು ಹೀಗೆ: "ತೀರ್ಥರೂಪು ತಂದೆಯವರ ಪಾದಕ್ಕೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ದೇವರ ದಯೆಯಿಂದ ಕ್ಷೇಮ. ತಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಸುವುದು." ಆಮೇಲೆ ಮನಿಯಾರ್ಡರ್ ಬಂತಾ, ಸೊಸೈಟಿ ಸಾಲಕ್ಕೆ ಎಷ್ಟು ಕಟ್ಟಿದ್ರಿ, ಕೆಂದ ಹಸು ಕರು ಹಾಕ್ತಾ, ಕೆರೆ ಕೆಳಗಿನ ಗದ್ದೆ ಕೊಯ್ಲು ಆಯ್ತಾ. ಯುದ್ಧದ ಬಗ್ಗೆ ಇರೋದು ಒಂದೇ ಸಾಲು, "ಇಲ್ಲಿ ಚಳಿ ಜಾಸ್ತಿ, ಕೆಲಸ ರಾತ್ರಿ ಹೊತ್ತು ಇರುತ್ತದೆ, ಯೋಚನೆ ಮಾಡಬೇಡಿ". ಕೊನೇಲಿ ಜಾಗ ಇಲ್ಲದೆ ಅಂಚಲ್ಲಿ, ಗೋಂದು ಹಚ್ಚೋ ಕಡೆ ತಿರುಗಿಸಿ ಬರೆದಿರೋದು, "ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎಂದು ಹೇಳಿ". ಮದುವೆಯಾಗಿ ಒಂದು ವರ್ಷ ಆಗಿತ್ತು ಅಷ್ಟೇ, ಆ "ಎಲ್ಲರನ್ನೂ" ಅನ್ನೋದು ನಮ್ಮಮ್ಮ. ಅವರಿಗೆ ಅದು ಗೊತ್ತಿತ್ತು, ಬರೆದವರಿಗೂ ಗೊತ್ತಿತ್ತು, ಓದಿ ಹೇಳ್ತಿದ್ದ ಮೇಷ್ಟ್ರಿಗೂ ಗೊತ್ತಿತ್ತು.

ಮೇಷ್ಟ್ರು ಅಂದೆ, ಯಾಕಂದ್ರೆ ನಮ್ಮ ತಾತನಿಗೆ ಓದೋಕೆ ಬರ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಕಾಗದ ತಂದ್ರೆ ಸಂಜೆ ಮೇಷ್ಟ್ರು ಬಂದು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದೋರು, ಬೀದಿಯವರೆಲ್ಲಾ ಬಂದು ಕೇಳೋರು, ನಮ್ಮಮ್ಮ ಬಾಗಿಲ ಹಿಂದೆ ನಿಂತು ಕೇಳೋರು. ಇದು ನಮ್ಮನೆ ಒಂದರದ್ದೇ ಕಥೆ ಅಲ್ಲ, ಆ ಕಾಲದ ಹಳ್ಳಿ ಮನೆಗಳಲ್ಲಿ ಎಷ್ಟೋ ಕಡೆ ಹೀಗೇ ಇತ್ತು. ಹಾಗಾಗಿ ಬರೆಯೋ ಸಿಪಾಯಿಗೆ ಎರಡು ಸೆನ್ಸಾರ್ ಇತ್ತು ಅಂತ ನಾನು ಹೇಳ್ತೀನಿ, ಒಂದು ಮಿಲಿಟರಿಯವರದ್ದು, ಎಲ್ಲಿದ್ದೀನಿ ಏನ್ ಮಾಡ್ತಿದ್ದೀನಿ ಅಂತ ಬರೆಯೋ ಹಾಗಿಲ್ಲ, ಇನ್ನೊಂದು ಊರ ಜಗಲೀದು, ಹೆದರಿಕೆ ಆಗ್ತಿದೆ ಅಂತಾಗಲೀ ಹೆಂಡತಿ ನೆನಪಾಗ್ತಿದಾಳೆ ಅಂತಾಗಲೀ ಬರೆಯೋ ಹಾಗಿಲ್ಲ. ಇವೆರಡರ ಮಧ್ಯೆ ಅವರು ಏನು ಬರೆದ್ರೋ ಅದು ಈ ಕಾಗದಗಳಲ್ಲಿದೆ. ಹಸು ಕರು ಹಾಕ್ತಾ ಅಂತ ಮೈನ್ ತೆಗೆಯೋನು ಮೈನ್‌ಫೀಲ್ಡ್ ಪಕ್ಕ ಕೂತು ಕೇಳಿದ್ದಾನೆ ಅಂದ್ರೆ ಅದನ್ನ ನೀವು ಬರೀ ಹಸು ವಿಷಯ ಅಂತ ಓದೋಕಾಗುತ್ತಾ ಸರ್.

ಇನ್ನೊಂದು ವಿಷಯ ಹೇಳ್ಬೇಕು. ಪಶ್ಚಿಮದ ಗಡಿಯಲ್ಲಿ 1971ರ ಡಿಸೆಂಬರ್ 17ಕ್ಕೆ ಕದನವಿರಾಮ ಆಯ್ತು, ನಮಗೆಲ್ಲಾ ಯುದ್ಧ ಮುಗೀತು. ಸ್ಯಾಪರ್‌ಗಳಿಗೆ ಮುಗಿಯಲಿಲ್ಲ. ಗೆದ್ದ ಜಾಗದಲ್ಲಿ ನಮ್ಮ ಸೈನ್ಯ ಇನ್ನೂ ಕೂತಿತ್ತು, 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದ ಆಗಿ ಆಮೇಲೆ ಅದನ್ನ ವಾಪಸ್ ಕೊಡೋವರೆಗೂ ಹೊಲ ಗದ್ದೆಯಲ್ಲಿ ಹೂತಿದ್ದ ಮೈನ್‌ಗಳನ್ನ ತೆಗೀಬೇಕಿತ್ತು. ಆ ವರ್ಷದ ಕಾಗದಗಳಲ್ಲೇ ನಮ್ಮಪ್ಪನ ಅಕ್ಷರ ಬದಲಾಗಿರೋದು ಕಾಣುತ್ತೆ, ಸಾಲು ವಾಲಿದೆ, ಒಂದೇ ಮಾತು ಎರಡು ಸಲ ಬರೆದಿದ್ದಾರೆ, ಒಂದರಲ್ಲಿ "ಜೊತೆಯ ಹುಡುಗ ಒಬ್ಬ ಇಲ್ಲ" ಅಂತ ಮಾತ್ರ ಇದೆ, ಹೇಗೆ ಏನು ಅಂತ ಇಲ್ಲ, ಮುಂದಿನ ಸಾಲಲ್ಲೇ ಗೋಧಿ ಪೈರು ಚೆನ್ನಾಗಿದೆ ಅಂತ ಇದೆ. ಯುದ್ಧ ಮುಗಿದಮೇಲಿನ ಸಾವುಗಳ ಬಗ್ಗೆ ನಮ್ಮ ಮಕ್ಕಳ ಪಾಠದ ಪುಸ್ತಕದಲ್ಲಿ ಎಷ್ಟಿದೆ ನೀವೇ ನೋಡಿ. ಡಿಸೆಂಬರ್ 16 ಢಾಕಾ, ಶರಣಾಗತಿ, ಅಲ್ಲಿಗೆ ಅಧ್ಯಾಯ ಕ್ಲೋಸ್. ಅಪ್ಪ ತೀರಿಕೊಂಡು ವರ್ಷಗಳಾಯ್ತು, ಬದುಕಿದ್ದಾಗ ಈ ಬಗ್ಗೆ ಬಾಯಿ ಬಿಡಲಿಲ್ಲ, ನಮಗೆ ಗೊತ್ತಾಗಿದ್ದು ಕಾಗದ ಓದಿದ ಮೇಲೆ.

ಈಗ ದೂರಿನ ವಿಷಯಕ್ಕೆ ಬರ್ತೀನಿ.

ಅಮ್ಮನಿಗೆ ವಯಸ್ಸಾಯ್ತು, ಈ ಕಾಗದಗಳನ್ನ ಎಲ್ಲಾದ್ರೂ ಸೇಫಾಗಿ ಇಡೋರಿಗೆ ಕೊಡೋಣ, ಅಟ್‌ಲೀಸ್ಟ್ ಒಂದು ಸ್ಕ್ಯಾನ್ ಕಾಪಿ ಸರ್ಕಾರದಲ್ಲಿ ಇರಲಿ ಅಂತ ಒಂದು ಸರ್ಕಾರಿ ಕಚೇರಿಗೆ ತಗೊಂಡು ಹೋದೆ. ಯಾವ ಕಚೇರಿ ಅಂತ ಹೆಸರು ಹಾಕಲ್ಲ, ಅಲ್ಲಿದ್ದವರು ಮರ್ಯಾದೆಯಾಗೇ ಮಾತಾಡಿಸಿದ್ರು, ಕೂರಿಸಿ ಟೀ ಕೊಟ್ರು. ಕಟ್ಟು ಬಿಚ್ಚಿ ಮೇಲಿನ ಎರಡು ನೋಡಿ, "ಇವೆಲ್ಲಾ ಪರ್ಸನಲ್ ಅಲ್ವಾ ಮೇಡಂ, ಮೆಡಲ್ ಇದ್ರೆ ತನ್ನಿ, ಯೂನಿಫಾರಂ ಫೋಟೋ ಇದ್ರೆ ತನ್ನಿ, ಡಿಸ್‌ಪ್ಲೇಗೆ ಚೆನ್ನಾಗಿರುತ್ತೆ" ಅಂದ್ರು. ಕಾಗದ ತಗೊಳ್ಳೋಕೆ ನಮ್ಮಲ್ಲಿ ಕಾಲಂ ಇಲ್ಲ ಅಂದ್ರು. ಇನ್ನೊಂದು ಕಡೆ ಹೋದ್ರೆ ಇದು ಡಿಫೆನ್ಸ್ ಮ್ಯಾಟರ್, ಸೆಂಟ್ರಲ್‌ಗೆ ಸೇರಿದ್ದು, ನಾವು ಮುಟ್ಟೋ ಹಾಗಿಲ್ಲ ಅಂದ್ರು. ಒಬ್ಬರು ಪರ್ಸನಲ್ ಅಂತಾರೆ, ಇನ್ನೊಬ್ಬರು ಡಿಫೆನ್ಸ್ ಅಂತಾರೆ, ಎರಡೂ ಒಟ್ಟಿಗೆ ಹೇಗಾಗುತ್ತೆ ಅಂತ ಕೇಳಿದ್ದಕ್ಕೆ ಸಾಹೇಬ್ರು ಬರ್ಲಿ ಅಂದ್ರು. ಯಾರನ್ನೂ ಬೈಯೋಕೆ ಇದನ್ನ ಹೇಳ್ತಿಲ್ಲ, ಅವರಿಗೆ ಮೇಲಿಂದ ಯಾರೂ ಒಂದು ಸುತ್ತೋಲೆ ಕಳಿಸಿಲ್ಲ, ಒಂದು ರಿಜಿಸ್ಟರ್ ಕೊಟ್ಟಿಲ್ಲ, ಅವರಾದ್ರೂ ಏನು ಮಾಡ್ತಾರೆ. ಅದಕ್ಕೇ ಈ ಪತ್ರ ನಿಮಗೆ.

ನಮ್ಮ ಪಕ್ಕದ ಊರಲ್ಲಿ ಒಬ್ಬರು ಅಜ್ಜಿ ಇದ್ರು, ಅವರ ಗಂಡ 1965ರಲ್ಲಿ ಹೋಗಿ ವಾಪಸ್ ಬರಲಿಲ್ಲ. ಅಜ್ಜಿ ಸತ್ತ ಮೇಲೆ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ರು, ಟ್ರಂಕ್ ತೂಕಕ್ಕೆ ಹೋಯ್ತು, ಒಳಗಿದ್ದ ಕಾಗದ ರದ್ದಿಗೆ ಹೋಯ್ತು. ಆದ್ರೆ ಡಿಸ್ಚಾರ್ಜ್ ಬುಕ್ಕು, ಪಿಪಿಓ ಅನ್ನೋ ಪೆನ್ಷನ್ ಆದೇಶ, ಕ್ಯಾಂಟೀನ್ ಕಾರ್ಡ್ ಇಂಥವನ್ನ ಯಾವ ಮನೇಲೂ ಯಾರೂ ಎಸೆಯಲ್ಲ, ಪ್ಲಾಸ್ಟಿಕ್ ಕವರ್ ಹಾಕಿ ಬೀರುವಲ್ಲಿ ಇಟ್ಟಿರ್ತಾರೆ, ಯಾಕಂದ್ರೆ ಅದನ್ನ ಕೇಳೋರಿದ್ದಾರೆ. ಪೆನ್ಷನ್‌ಗೆ ಕೇಳ್ತಾರೆ, ಮಾಜಿ ಸೈನಿಕರ ಇಸಿಎಚ್‌ಎಸ್ ಆಸ್ಪತ್ರೇಲಿ ಕೇಳ್ತಾರೆ. ಕಾಗದ ಯಾರೂ ಕೇಳಲಿಲ್ಲ, ಹಾಗಾಗಿ ಅದಕ್ಕೆ ಬೆಲೆ ಇಲ್ಲ ಅಂತ ಜನಕ್ಕೆ ಅನಿಸ್ತು. ಸರ್ಕಾರ ಒಂದ್ಸಲ ಕೇಳಿದ್ರೆ ಸಾಕು ಆ ಕುಟುಂಬಗಳು ಅದನ್ನ ಬೇರೆ ಥರ ನೋಡ್ತಾರೆ, ನನಗೆ ಆ ನಂಬಿಕೆ ಇದೆ.

ಇವನ್ನ ಕೇಳಿಕೊಂಡು ಬರೋರು ಒಬ್ಬರಿದ್ದಾರೆ, ಅದೂ ನಿಮಗೆ ಗೊತ್ತಿರಲಿ. ಹಳೇ ಸ್ಟಾಂಪ್, ಕವರ್ ಕೊಳ್ಳೋರು. ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಇರೋ ಕವರಿಗೆ ಅಂಚೆ ಚೀಟಿ ಸಂಗ್ರಹ ಮಾಡೋರ ಹತ್ರ ಬೆಲೆ ಇದೆ. ಅವರಿಗೆ ಬೇಕಿರೋದು ಮುದ್ರೆ, ಎಫ್‌ಪಿಒ ನಂಬರ್, ತಾರೀಕು. ಒಳಗಿನ ಕನ್ನಡ ಅವರಿಗೆ ಬೇಕಾಗಿಲ್ಲ, ಲಕೋಟೆ ಇಟ್ಕೊಂಡು ಒಳಗಿನ ಹಾಳೆ ಬಿಟ್ಟು ಹೋದ್ರೂ ಹೋದ್ರೇ. ಹಣ ಕೊಟ್ಟು ತಗೊಳ್ಳೋರನ್ನ ತಪ್ಪು ಅನ್ನಲ್ಲ, ಅವರಾದ್ರೂ ಒಂದು ಭಾಗ ಉಳಿಸಿದ್ರು. ಸೈನಿಕರ ಅಡ್ರೆಸ್‌ನಲ್ಲಿ ಇರ್ತಿದ್ದ "ಕೇರಾಫ್ 56 ಎಪಿಒ" ಅನ್ನೋದು ನಮ್ಮೂರಲ್ಲಿ ಎಲ್ಲೋ ಉತ್ತರದ ಕಡೆ ಇರೋ ಊರು ಅಂತ ಎಷ್ಟೋ ಜನ ತಿಳ್ಕೊಂಡಿದ್ರು. ಊರಲ್ಲ ಅದು, ದೆಹಲೀಲಿ ಇರೋ ಆರ್ಮಿ ಅಂಚೆಯ ದೊಡ್ಡ ಕಚೇರಿ, ಅಲ್ಲಿಂದ ಯಾವ ಯೂನಿಟ್ ಎಲ್ಲಿದೆ ಅಂತ ನೋಡಿ ಕಳಿಸೋರು, ಪೂರ್ವದ ಕಡೆ ಇದ್ದವರಿಗೆ 99 ಎಪಿಒ, ಅದು ಕಲ್ಕತ್ತಾದಲ್ಲಿ. ಅಂದ್ರೆ ಬರೆದವನು ಎಲ್ಲಿದ್ದ ಅಂತ ಅಡ್ರೆಸ್‌ನಿಂದ ಮನೆಯವರಿಗೆ ತಿಳಿಯೋ ಹಾಗೇ ಇರಲಿಲ್ಲ. ಮುದ್ರೆಯನ್ನೂ ಒಳಗಿನ ಮಾತನ್ನೂ ಜೊತೆಗಿಟ್ಟು ನೋಡಿದ್ರೇ ಯಾವ ಕಾಗದ ಎಲ್ಲಿಂದ ಬಂತು ಅಂತ ತಿಳಿಯೋದು, ಬೇರೆ ಬೇರೆ ಮಾಡಿದ್ರೆ ಎರಡೂ ಅರ್ಧ ಅರ್ಧ.

ಇದನ್ನ ಯಾಕೆ ಇಷ್ಟು ಅವಸರದಲ್ಲಿ ಹೇಳ್ತಿದ್ದೀನಿ ಅಂದ್ರೆ, ಒಂದು ಸಲ ಹೀಗೆ ಕಳ್ಕೊಂಡಿದ್ದೀವಿ. ಮೊದಲನೇ ಮಹಾಯುದ್ಧಕ್ಕೆ ನಮ್ಮ ದೇಶದಿಂದ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಹೊರದೇಶಕ್ಕೆ ಹೋದ್ರು, 70 ಸಾವಿರಕ್ಕೂ ಹೆಚ್ಚು ಜನ ಸತ್ರು. ಫ್ರಾನ್ಸ್‌ನಲ್ಲಿದ್ದ ಸಿಪಾಯಿಗಳು, ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಯಲ್ಲಿ ಗಾಯ ಆಗಿ ಮಲಗಿದ್ದವರು ಮನೆಗೆ ಕಾಗದ ಬರೆದ್ರು, ಬರೆಯೋಕೆ ಬಾರದವರು ಬೇರೆಯವರ ಕೈಲಿ ಬರೆಸಿದ್ರು. ಬ್ರಿಟಿಷರು ಅದಕ್ಕಂತಲೇ ಒಂದು ಸೆನ್ಸಾರ್ ಕಚೇರಿ ಇಟ್ಟು, ಆಯ್ದ ಭಾಗಗಳನ್ನ ಇಂಗ್ಲಿಷಿಗೆ ಮಾಡಿಸಿ ವರದಿ ಕಳಿಸ್ತಿದ್ರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಜೋಪಾನವಾಗಿವೆ. ಮೂಲ ಕಾಗದಗಳು ಬಹುಪಾಲು ಇಲ್ಲ. ಹಳ್ಳಿಗೆ ಬಂದು, ಓದಿಸಿಕೊಂಡು, ಎಲ್ಲೋ ಸಿಕ್ಕಿಸಿಟ್ಟು, ಹಾಳಾಗಿ ಹೋದ್ವು. ಅಂದ್ರೆ ನಮ್ಮ ಸಿಪಾಯಿ ತನ್ನ ತಾಯಿಗೆ ತನ್ನ ಭಾಷೇಲಿ ಏನು ಹೇಳಿದ ಅನ್ನೋದನ್ನ ನಾವು ಇವತ್ತು ಅವನ ಮೇಲೆ ಅನುಮಾನ ಪಟ್ಟು ಓದಿದ ಆಫೀಸರ್‌ನ ಇಂಗ್ಲಿಷ್‌ನಲ್ಲಿ ಓದಬೇಕು.

ಅಷ್ಟು ಉಳಿದಿರೋದರಲ್ಲೇ ಎಂಥೆಂಥ ಮಾತುಗಳಿವೆ ನೋಡಿ. ಗಾಯಾಳು ಸಿಪಾಯಿಯೊಬ್ಬ ಇದು ಯುದ್ಧ ಅಲ್ಲ ಲೋಕವೇ ಮುಗಿಯೋ ಹೊತ್ತು, ಮಹಾಭಾರತದಲ್ಲಿ ಕೇಳಿದಂಥ ಯುದ್ಧ ಅಂತ ಬರೆದಿದ್ದಾನೆ. ಇನ್ನು ಕೆಲವರು ಸೆನ್ಸಾರ್‌ಗೆ ಗೊತ್ತಾಗದೇ ಇರಲಿ ಅಂತ ನಮ್ಮವರನ್ನ ಕರಿಮೆಣಸು, ಬಿಳಿಯರನ್ನ ಕೆಂಪು ಮೆಣಸಿನಕಾಯಿ ಅಂತ ಕರೆದು, ಕರಿಮೆಣಸು ಖಾಲಿಯಾಗ್ತಿದೆ ಅಂತ ಊರಿಗೆ ಸುದ್ದಿ ಮುಟ್ಟಿಸಿದ್ದಾರೆ. ತಮ್ಮನನ್ನ ಸೈನ್ಯಕ್ಕೆ ಸೇರಿಸಬೇಡಿ ಅಂತ ಬೇಡಿಕೊಂಡವರಿದ್ದಾರೆ. ಅಡುಗೆಮನೆ ಸಾಮಾನಿನ ಹೆಸರಲ್ಲಿ ಸಾವಿನ ಲೆಕ್ಕ ಬರೆದವರು ಅವರು. ಅದನ್ನ ಅವರದ್ದೇ ಅಕ್ಷರದಲ್ಲಿ ನೋಡೋ ಭಾಗ್ಯ ನಮಗಿಲ್ಲ.

ನಮ್ಮದೇ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ತಗೊಳ್ಳಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನಲ್ಲಿರೋ ಹೈಫಾ ಊರನ್ನ ಜೋಧಪುರದವರ ಜೊತೆ ಸೇರಿ ಗೆದ್ದವರು, ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಕುದುರೆ ಹತ್ತಿಸಿದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್ ನೆನಪಿಗೆ ಮೂರು ವಿಗ್ರಹ ಇವೆ, 2018ರಲ್ಲಿ ಆ ಸರ್ಕಲ್ಲಿಗೆ ತೀನ್ ಮೂರ್ತಿ ಹೈಫಾ ಚೌಕ್ ಅಂತಲೂ ಹೆಸರಿಟ್ರು. ಒಳ್ಳೇದೇ ಆಯ್ತು, ಆಗಬೇಕಾದ್ದೇ. ಆದ್ರೆ ಕಲ್ಲಿನ ಮೇಲೆ ಹೆಸರು, ತಾರೀಕು ಇರುತ್ತೆ ಅಷ್ಟೇ. ಆ ಕುದುರೆ ಸವಾರ ಸಮುದ್ರ ದಾಟಿ ಹೋಗಿ ಮೈಸೂರು ಸೀಮೆಯ ತನ್ನ ಮನೆಗೆ ಏನು ಬರೆಸಿದ ಅಂತ ಕಲ್ಲು ಹೇಳಲ್ಲ. ಈಗ 1971ರವರ ವಿಷಯದಲ್ಲೂ ಅದೇ ಆಗೋ ಹೊತ್ತು ಬಂದಿದೆ. ಆಗ 20 ವರ್ಷ ಆಗಿದ್ದ ಹೆಣ್ಣುಮಗಳಿಗೆ ಈಗ 70 ದಾಟಿದೆ. ಯಾವ ಕಾಗದ ಯಾವಾಗ ಬಂತು, "ಆ ವಿಷಯ ಯೋಚಿಸಬೇಡಿ" ಅಂತ ಬರೆದಿದ್ದು ಯಾವ ವಿಷಯ, ಅದು ಅವರಿಗೆ ಮಾತ್ರ ಗೊತ್ತು. ಅವರು ಹೋದ್ರೆ ಕಾಗದ ಉಳಿದ್ರೂ ಅರ್ಧ ಅರ್ಥ ಹೋಯ್ತು.

ಹೊಸದಾಗಿ ಇಂಥ ಕಾಗದ ಇನ್ನು ಬರೋದೂ ಇಲ್ಲ. ಈಗ ಗಡಿಯಲ್ಲಿರೋ ಹುಡುಗರು ಸಿಗ್ನಲ್ ಸಿಕ್ಕಿದಾಗ ವಾಟ್ಸಾಪ್ ಕಾಲ್ ಮಾಡ್ತಾರೆ, ಮಕ್ಕಳ ಮುಖ ನೋಡ್ತಾರೆ, ತುಂಬಾ ಸಂತೋಷ, ನಮ್ಮಮ್ಮನಿಗೆ ಆ ಅನುಕೂಲ ಇರಲಿಲ್ಲ. ಆದ್ರೆ ಕೈಬರಹದ ಕಾಗದದ ಕಾಲ ಕಾರ್ಗಿಲ್ ಆದ ಕೆಲವೇ ವರ್ಷದಲ್ಲಿ ಮುಗಿದೇ ಹೋಯ್ತು. ಇರೋದು ಇಷ್ಟೇ, ಇನ್ನು ಕಡಿಮೆ ಆಗುತ್ತೆ ವಿನಾ ಜಾಸ್ತಿ ಆಗಲ್ಲ.

ಒಂದು ಕಾಗದ ಉಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಕಾರ್ಗಿಲ್‌ನ ಕ್ಯಾಪ್ಟನ್ ವಿಜಯಂತ್ ಥಾಪರ್ ಅವರದ್ದನ್ನ ನೋಡಬಹುದು. 1999ರ ಜೂನ್ ಕೊನೇಲಿ ದಾಳಿಗೆ ಹೊರಡೋ ಮುಂಚೆ ಅಪ್ಪ ಅಮ್ಮನಿಗೆ ಬರೆದಿಟ್ಟು ಹೋದ್ರು, ವಾಪಸ್ ಬರಲಿಲ್ಲ, 22 ವರ್ಷ ಅವರಿಗೆ. ಅನಾಥಾಶ್ರಮಕ್ಕೆ ಒಂದಿಷ್ಟು ಹಣ ಕೊಡಿ, ರುಖ್ಸಾನಾ ಅನ್ನೋ ಮಗುಗೆ ತಿಂಗಳಿಗೆ 50 ರೂಪಾಯಿ ಕೊಡೋದು ನಿಲ್ಲಿಸಬೇಡಿ ಅಂತ ಅದರಲ್ಲಿದೆ. ಆ 50 ರೂಪಾಯಿ ಸಾಲು ಓದಿದ ಮೇಲೆ ಆ ಮನುಷ್ಯ ಯಾರು ಅಂತ ಯಾವ ಭಾಷಣವೂ ಹೇಳಬೇಕಾಗಿಲ್ಲ. ಮನೆಯವರು ಜೋಪಾನ ಮಾಡಿ ಎಲ್ಲರಿಗೂ ತೋರಿಸಿದ್ದಕ್ಕೆ ದೇಶಕ್ಕೇ ಗೊತ್ತಾಯ್ತು. ಅದೇ ಬೆಟ್ಟಗಳಲ್ಲಿ ಇದ್ದ ನಮ್ಮ ಹಳ್ಳಿ ಜವಾನರೂ ಬರೆದಿದ್ದಾರೆ, ಕನ್ನಡದಲ್ಲಿ ಬರೆದಿದ್ದಾರೆ, ಅವರ ಮನೆಯವರಿಗೆ ಅದನ್ನ ಎಲ್ಲಿಗೆ ತಗೊಂಡು ಹೋಗಬೇಕು ಅಂತ ಗೊತ್ತಿಲ್ಲ.

ಡಿಫೆನ್ಸ್ ಮ್ಯಾಟರ್ ಅಂದವರಿಗೂ ಒಂದು ಮಾತು. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯವೇ ಒಂದು ನೀತಿ ಮಾಡಿದೆ, ಯುದ್ಧದ ದಾಖಲೆಗಳನ್ನ ಸಾಮಾನ್ಯವಾಗಿ 25 ವರ್ಷಕ್ಕೆ ಬಿಡುಗಡೆ ಮಾಡಬೇಕು ಅಂತ. ವಾರ್ ಡೈರಿಗಳಂಥ ಸರ್ಕಾರಿ ದಾಖಲೆಗಳೇ ಒಂದಲ್ಲ ಒಂದು ದಿನ ಜನರ ಕೈಗೆ ಸಿಗಬೇಕು ಅಂತ ಅವರೇ ಹೇಳ್ತಿರೋವಾಗ, 50 ವರ್ಷ ಹಿಂದೆ ಸೆನ್ಸಾರ್ ದಾಟಿ ಬಂದ, ಹಸು ಕರು ವಿಚಾರಿಸಿದ ಕಾಗದಕ್ಕೆ ಏನು ಗುಟ್ಟು ಇರುತ್ತೆ. ಯೂನಿಟ್‌ನ ಡೈರಿಯಲ್ಲಿ ಆ ರಾತ್ರಿ ಎಷ್ಟು ಗಂಟೆಗೆ ಮೈನ್‌ಫೀಲ್ಡ್‌ನಲ್ಲಿ ಲೇನ್ ಓಪನ್ ಆಯ್ತು ಅಂತ ಇರುತ್ತೆ. ಓಪನ್ ಮಾಡಿದವನು ಮನೇಲಿ ಸೊಸೈಟಿ ಸಾಲ ಇದೆ ಅಂತ ತಲೆ ಕೆಡಿಸಿಕೊಂಡಿದ್ದ ಅಂತ ಇರಲ್ಲ. ಎರಡೂ ಸೇರಿದ್ರೆ ತಾನೇ ಚರಿತ್ರೆ.

ಸಚಿವರೇ, ನಾವು ಕೇಳ್ತಿರೋದು ದೊಡ್ಡ ಭವನ ಅಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ನ ಮ್ಯೂಸಿಯಂ ಮಾಡಿ 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿದ್ರು, ಹೆಮ್ಮೆ ವಿಷಯ. ಜನರಲ್‌ಗಳ ನೆನಪು ಉಳಿಸೋಕೆ ನಮಗೆ ಬರುತ್ತೆ ಅಂತ ಆಯ್ತು. ಈಗ ಸಿಪಾಯಿ, ನಾಯಕ್, ಹವಾಲ್ದಾರ್‌ಗಳದ್ದು ಉಳಿಸಿ. ಇದಕ್ಕೆ ಬೇಕಾಗಿರೋದು ಪತ್ರಾಗಾರ ಇಲಾಖೆಯಲ್ಲಿ ಒಂದು ಸಂಗ್ರಹ, ಅದಕ್ಕೊಂದು ರಿಜಿಸ್ಟರ್, ಮತ್ತೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಿಗೆ ಒಂದು ಆದೇಶ. ಮಾಜಿ ಸೈನಿಕರ, ವೀರನಾರಿಯರ (ಹುತಾತ್ಮರ ಹೆಂಡತಿಯರ) ವಿಳಾಸ ಆ ಕಚೇರಿಗಳಲ್ಲಿ ಆಗಲೇ ಇದೆ, ಹೊಸದಾಗಿ ಹುಡುಕೋ ಕೆಲಸ ಇಲ್ಲ, ಒಂದು ಫೋನ್ ಮಾಡಿ "ನಿಮ್ಮನೇಲಿ ಕಾಗದ ಇದೆಯಾ ತಾಯಿ" ಅಂತ ಕೇಳಿದ್ರಾಯ್ತು.

ಕಾಗದವನ್ನ ಮನೆಯವರಿಂದ ಕಿತ್ಕೊಬೇಡಿ. ಇದು ಬಹಳ ಮುಖ್ಯ. ಎಷ್ಟೋ ಹೆಣ್ಣುಮಕ್ಕಳಿಗೆ ಗಂಡನಿಂದ ಉಳಿದಿರೋದು ಅದೊಂದೇ, ಅದನ್ನ ಬೆಂಗಳೂರಿನ ಯಾವುದೋ ರೂಮಲ್ಲಿ ಇಡ್ತೀವಿ ಅಂದ್ರೆ ಯಾರೂ ಕೊಡಲ್ಲ, ಕೊಡಲೂಬಾರದು. ತಾಲ್ಲೂಕಿಗೆ ಬಂದು ಅವರ ಎದುರಿಗೇ ಸ್ಕ್ಯಾನ್ ಮಾಡಿ, ಅಸಲು ವಾಪಸ್ ಕೈಗೆ ಕೊಡಿ, ಕೊಡೋಕೆ ಇಷ್ಟ ಇರೋರದ್ದು ಮಾತ್ರ ರಸೀದಿ ಕೊಟ್ಟು ತಗೊಳ್ಳಿ. ಯಾವುದನ್ನ ಎಲ್ಲರೂ ಓದಬಹುದು, ಯಾವುದನ್ನ ಇನ್ನೂ 20, 30 ವರ್ಷ ಮುಚ್ಚಿಡಬೇಕು ಅನ್ನೋದು ಮನೆಯವರ ತೀರ್ಮಾನ ಆಗಿರಲಿ. ಕೆಲವು ಕಾಗದದಲ್ಲಿ ಆಸ್ತಿ ಜಗಳ ಇರುತ್ತೆ, ತಂಗಿ ಮದುವೆ ಸಾಲ ಇರುತ್ತೆ, ಬದುಕಿರೋರ ಮಾನದ ಪ್ರಶ್ನೆ.

ಸ್ಕ್ಯಾನ್ ಮಾಡಿದ್ದನ್ನ ಟೈಪ್ ಮಾಡಿಸೋವಾಗ ಕಾಗುಣಿತ ತಿದ್ದಬೇಡಿ. ನಮ್ಮಪ್ಪ ಏಳನೇ ಕ್ಲಾಸು, ಕೆಲವು ಕಾಗದದಲ್ಲಿ "ಕ್ಷೇಮ"ವನ್ನ "ಚೇಮ" ಅಂತ ಬರೆದಿದ್ದಾರೆ, ಅದು ಹಾಗೇ ಇರಲಿ. ಬೆಳಗಾವಿ ಕಡೆಯವರು ಮಾತಾಡೋ ಹಾಗೇ ಬರೆದಿರ್ತಾರೆ, ಕೊಡವ ಮನೆಯವರು, ತುಳು ಮನೆಯವರು ತಮ್ಮ ಮಾತನ್ನ ಕನ್ನಡ ಅಕ್ಷರದಲ್ಲಿ ಬರೆದಿರ್ತಾರೆ, ಅವೆಲ್ಲಾ ನಮ್ಮ ಸಂಗ್ರಹದಲ್ಲಿ ಬರಬೇಕು. ಇನ್ನೂ ಒಂದು, ವೀರಾವೇಶದ ಸಾಲು ಇರೋದನ್ನ ಮಾತ್ರ ಆರಿಸಿ ಫ್ರೇಮ್ ಹಾಕಿಸಬೇಡಿ. ರಜೆ ಸಿಗಲಿಲ್ಲ ಅಂತ ಸಿಟ್ಟು ಮಾಡಿದ್ದು, ಊಟ ಸೇರಲ್ಲ ಅಂದಿದ್ದು, ಮೇಲಿನವರ ಮೇಲೆ ಬೇಜಾರು, ಈ ನೌಕರಿ ಬಿಟ್ಟು ಬಂದ್ಬಿಡ್ತೀನಿ ಅಂದಿದ್ದು, ಅವೂ ಅವರ ಮಾತೇ. ಬಿಟ್ಟು ಬರ್ತೀನಿ ಅಂದೋರು ಬಿಟ್ಟು ಬರದೇ ಅಲ್ಲೇ ಇದ್ರಲ್ಲ, ಅದನ್ನ ಯೋಚನೆ ಮಾಡಿ.

ಮತ್ತೆ ಮನೆಯಿಂದ ಅಲ್ಲಿಗೆ ಹೋದ ಕಾಗದಗಳು. ಅವು ಉಳಿದಿರೋದು ಬಹಳ ಕಡಿಮೆ, ಬೆನ್ನ ಮೇಲಿನ ಚೀಲದಲ್ಲಿ ಎಷ್ಟು ಅಂತ ಹೊರ್ತಾರೆ, ಮಳೆ, ಕೆಸರು, ಓದಿ ಎಸೀಬೇಕಾಗ್ತಿತ್ತು. ಅದಕ್ಕೆ ಈ ತಾಯಂದಿರ ಮಾತನ್ನ ರೆಕಾರ್ಡ್ ಮಾಡ್ಕೊಳ್ಳಿ. ಏನು ಬರೆಸಿ ಕಳಿಸ್ತಿದ್ರಿ, ಏನು ಮುಚ್ಚಿಡ್ತಿದ್ರಿ ಅಂತ ಕೇಳಿ. ನಮ್ಮ ತಾತ ಬಿದ್ದು ಸೊಂಟ ಮುರ್ಕೊಂಡಿದ್ದನ್ನ ಅಪ್ಪನಿಗೆ ತಿಳಿಸಲೇ ಇಲ್ಲ, "ಇಲ್ಲಿ ಎಲ್ಲರೂ ಕ್ಷೇಮ" ಅಂತಲೇ ಬರೆಸಿದ್ರು. ಅಲ್ಲಿಂದಲೂ ಕ್ಷೇಮ, ಇಲ್ಲಿಂದಲೂ ಕ್ಷೇಮ. ಈ ಎರಡೂ ಕಡೆಯ ಕಥೆ ಸೇರಿಸಿ ಹೇಳಬಲ್ಲವರು ನಮ್ಮಮ್ಮನ ವಯಸ್ಸಿನವರು ಮಾತ್ರ, ಒಬ್ಬ ಕಾಲೇಜ್ ಹುಡುಗ ಒಂದು ಮೊಬೈಲ್ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತ್ರೆ ಸಾಕು, ಅವರು ಹೇಳ್ತಾರೆ.

ಇದು ಎಲ್ಲೂ ಆಗದ ಕೆಲಸವೂ ಅಲ್ಲ. ಅಮೆರಿಕದ ಚಾಪ್‌ಮನ್ ಯೂನಿವರ್ಸಿಟಿಯಲ್ಲಿ ಯುದ್ಧದ ಕಾಗದಗಳಿಗೇ ಒಂದು ಕೇಂದ್ರ ಇದೆ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಸಾಮಾನ್ಯ ಸೈನಿಕರ ಕಾಗದ, ಡೈರಿ ಇವೆ. ಅಲ್ಲೂ ಜನ ತಮ್ಮ ಅಜ್ಜ ಅಜ್ಜಿ ಪೆಟ್ಟಿಗೆಯಿಂದಲೇ ತಂದು ಕೊಟ್ಟಿದ್ದು.

ಕುಟುಂಬದವರಿಗೆ ನಾನು ಕೈ ಮುಗಿದು ಹೇಳೋದು ಇಷ್ಟು. ಸರ್ಕಾರ ಬರೋವರೆಗೆ ಕಾಯಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಅಂಗಡಿಯವರು ಚೆನ್ನಾಗಿರುತ್ತೆ ಅಂತಾರೆ, ಆ ಬಿಸಿಗೆ ಕಾಗದ ಅಂಟ್ಕೊಂಡ್ರೆ ಮತ್ತೆ ಬಿಡಿಸೋಕಾಗಲ್ಲ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಸ್ಟೇಪ್ಲರ್ ಪಿನ್, ಗುಂಡುಸೂಜಿ ಇದ್ರೆ ತುಕ್ಕು ಹಿಡಿಯೋ ಮುಂಚೆ ಮೆಲ್ಲಗೆ ತೆಗೀರಿ. ಮಲೆನಾಡಿನವರು ಶೀತದ ಗೋಡೆ ಪಕ್ಕ ಇಡಬೇಡಿ. ಹಗಲು ಬೆಳಕಲ್ಲಿ ಎರಡೂ ಕಡೆ ಫೋಟೋ ತಗೊಳ್ಳಿ, ಅಡ್ರೆಸ್ ಇರೋ ಕಡೆ, ಮುದ್ರೆ ಇರೋ ಕಡೆಯೂ ಬಿಡಬೇಡಿ. ಯಾರಿಗೆ ಯಾರು ಬರೆದಿದ್ದು, ಅದರಲ್ಲಿ ಬರೋ ಹೆಸರುಗಳು ಯಾರದ್ದು ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬೇರೆ ಹಾಳೇಲಿ ಬರೆದಿಡಿ. ಕಾಗದದ ಮೇಲೆ ಏನೂ ಬರೀಬೇಡಿ.

ಕೊನೇದಾಗಿ ಮಾನ್ಯ ಸಚಿವರಿಗೆ. ಪ್ರತಿ ವರ್ಷ ಡಿಸೆಂಬರ್ 16ಕ್ಕೆ ವಿಜಯ ದಿವಸ, ಜುಲೈ 26ಕ್ಕೆ ಕಾರ್ಗಿಲ್ ದಿವಸ ಅಂತ ಮಾಜಿ ಸೈನಿಕರನ್ನ, ವೀರನಾರಿಯರನ್ನ ಕರೆಸಿ ಶಾಲು ಹೊದಿಸಿ ಹಾರ ಹಾಕೋ ಫಂಕ್ಷನ್‌ಗಳು ನಡೀತವೆ. ಅವತ್ತು ಆ ಎಲ್ಲಾ ಕುಟುಂಬಗಳೂ ಒಂದೇ ಕಡೆ ಸೇರಿರ್ತವೆ. ಮುಂದಿನ ಫಂಕ್ಷನ್‌ಗೆ ಆಹ್ವಾನ ಪತ್ರಿಕೆ ಕಳಿಸೋವಾಗ "ನಿಮ್ಮ ಮನೆಯಲ್ಲಿರುವ ಹಳೆಯ ಕಾಗದಗಳನ್ನು ತನ್ನಿ, ಅದೇ ದಿನ ವಾಪಸ್ ಕೊಡುತ್ತೇವೆ" ಅಂತ ಒಂದು ಸಾಲು ಸೇರಿಸಿ, ಸ್ಟೇಜ್ ಪಕ್ಕ ಒಂದು ಟೇಬಲ್, ಒಂದು ಸ್ಕ್ಯಾನರ್, ಪತ್ರಾಗಾರದ ಇಬ್ಬರು ಸಿಬ್ಬಂದಿ ಕೂರಿಸಿ. ಮೊದಲು ಹಾಸನ, ಕೊಡಗು, ಬೆಳಗಾವಿ ಮೂರು ಜಿಲ್ಲೆಯಲ್ಲಿ ಮಾಡಿ ನೋಡಿ. ಹಾಸನದ ಟೇಬಲ್ಲಿಗೆ ಮೊದಲನೇ ಕಟ್ಟು ನಾವು ತರ್ತೀವಿ, ಅಮ್ಮ ತಾವೇ ಬರ್ತೀನಿ ಅಂದಿದ್ದಾರೆ. ಇದು ಆಗುತ್ತೋ ಇಲ್ಲವೋ, ಆಗಲ್ಲ ಅಂದ್ರೆ ಯಾವ ಕಾರಣಕ್ಕೆ ಅಂತ ಇಲಾಖೆಯಿಂದ ಲಿಖಿತವಾಗಿ ಒಂದು ಉತ್ತರ ಕೊಡಿಸಬೇಕು ಅಂತ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮದ್ರಾಸ್ ಸ್ಯಾಪರ್ಸ್‌ನ ಮಾಜಿ ಹವಾಲ್ದಾರ್ ಒಬ್ಬರ ಮಗಳು,
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ